ಅವ್ವನ ಎಡ ಕಿಡ್ನಿ, ನನ್ನ ಬಲ ಹೊಟ್ಟೆ

ಕಿಡ್ನಿ ಕಸಿ ಮಾಡಿಸಿಕೊಳ್ಳಬಹುದು ಅಂತ ಡಾಕ್ಟರು ಹೇಳಿದ ದಿನ ನಾನು ಕೇಳಿದ ಮೊದಲ ಪ್ರಶ್ನೆ, ಖರ್ಚೆಷ್ಟು ಅಂತ. ಎರಡನೆಯದು, ಕಿಡ್ನಿ ಎಲ್ಲಿ ಸಿಗುತ್ತೆ ಅಂತ. ಮೊದಲನೆಯದಕ್ಕೆ ಅವರು ಒಂದು ಚೀಟಿಯಲ್ಲಿ ಲೆಕ್ಕ ಬರೆದುಕೊಟ್ಟರು. ಎರಡನೆಯದಕ್ಕೆ, "ಮನೇಲಿ ಯಾರ್ಯಾರಿದ್ದೀರಮ್ಮ?" ಅಂತ ತಿರುಗಿ ಕೇಳಿದರು.

ಆ ಪ್ರಶ್ನೆಗೆ ಉತ್ತರ ಸಿಕ್ಕಿ, ಆಪರೇಷನ್ ಆಗೋಕೆ ಹದಿನಾಲ್ಕು ತಿಂಗಳು ಹಿಡಿಯಿತು. ಆಪರೇಷನ್ ಮುಗಿದಿದ್ದು ಸುಮಾರು ನಾಲ್ಕು ಗಂಟೆಯಲ್ಲಿ. ಸಿಕ್ಕವರೆಲ್ಲ ಆ ನಾಲ್ಕು ಗಂಟೆಯ ಬಗ್ಗೆಯೇ ಕೇಳುತ್ತಾರೆ. ನನಗೆ ಹೇಳಬೇಕು ಅನಿಸುವುದು ಆ ಹದಿನಾಲ್ಕು ತಿಂಗಳ ಬಗ್ಗೆ.

ನಾನು ದಾವಣಗೆರೆಯ ಒಂದು ಖಾಸಗಿ ಶಾಲೆಯಲ್ಲಿ ಪ್ರೈಮರಿ ಟೀಚರ್. ನಮ್ಮ ಯಜಮಾನರು ಎಪಿಎಂಸಿಯ ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಇಬ್ಬರು ಮಕ್ಕಳು. ತವರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ಬಿಪಿ ಜಾಸ್ತಿ ಆಗಿತ್ತು. ಹೆರಿಗೆ ಆದಮೇಲೆ ಸರಿಹೋಯಿತು ಅಂದುಕೊಂಡು ಒಂಬತ್ತು ವರ್ಷ ಒಂದು ಸಲವೂ ನೋಡಿಸಲಿಲ್ಲ. ತಲೆನೋವು ಬಂದಾಗ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿ ಕ್ಲಾಸಿಗೆ ಹೋಗುತ್ತಿದ್ದೆ. ಬಿಪಿಯೂ ಕಿಡ್ನಿ ತಿನ್ನುತ್ತದೆ, ನೋವಿನ ಮಾತ್ರೆ ಜಾಸ್ತಿ ನುಂಗಿದರೆ ಅದೂ ತಿನ್ನುತ್ತದೆ ಅಂತ ಯಾರಿಗೆ ಗೊತ್ತಿತ್ತು?

2022ರ ಜನವರಿಯಲ್ಲಿ ಬೆಳಿಗ್ಗೆ ಎದ್ದರೆ ಮುಖ ಊದಿರುತ್ತಿತ್ತು. ಸಂಜೆಗೆ ಚಪ್ಪಲಿ ಬಿಗಿಯಾಗುತ್ತಿತ್ತು. ಒಗ್ಗರಣೆ ವಾಸನೆ ಬಂದರೆ ವಾಂತಿ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, 8.2 ಬಂತು. ಹೆಂಗಸರಿಗೆ ಅದು 1ರ ಆಸುಪಾಸಿನಲ್ಲಿ ಇರಬೇಕು. ಹಿಮೋಗ್ಲೋಬಿನ್ 6.4. ಅವತ್ತೇ ಅಡ್ಮಿಟ್, ಮರುದಿನ ಕುತ್ತಿಗೆಗೆ ಟ್ಯೂಬ್ ಹಾಕಿ ಡಯಾಲಿಸಿಸ್. ರಕ್ತ ತೀರಾ ಕಡಿಮೆ ಇದೆ ಅಂತ ಎರಡು ಬಾಟಲಿ ರಕ್ತವನ್ನೂ ಏರಿಸಿದರು.

ಆಗ ನನಗೆ ತಿಳಿಯದೇ ಹೋದ ಎರಡು ಸಂಗತಿ ಇವೆ. ಒಂದು, ಡಯಾಲಿಸಿಸ್ ಶುರುವಾಗುವ ಮೊದಲೇ ಕಸಿ ಮಾಡಿಸಿಕೊಳ್ಳುವ ದಾರಿಯೂ ಇದೆ. ಮುಂಚೆಯೇ ಗೊತ್ತಾಗಿ, ಕೊಡುವವರು ಸಿದ್ಧವಿದ್ದರೆ ಕೆಲವರು ಸೂಜಿ, ಟ್ಯೂಬು ಯಾವುದೂ ಇಲ್ಲದೆ ನೇರವಾಗಿ ಕಸಿಗೇ ಹೋಗುತ್ತಾರೆ. ಇನ್ನೊಂದು, ಕಸಿಯ ಯೋಚನೆ ಇರುವವರು ತೀರಾ ಅಗತ್ಯವಿಲ್ಲದೆ ರಕ್ತ ಏರಿಸಿಕೊಳ್ಳಬಾರದು. ಬೇರೆಯವರ ರಕ್ತ ಸೇರಿದರೆ ನಮ್ಮ ದೇಹ ಅದರ ವಿರುದ್ಧ ಆಂಟಿಬಾಡಿ ತಯಾರಿಸಿ ಇಟ್ಟುಕೊಳ್ಳಬಹುದು. ಮುಂದೆ ಹೊಸ ಕಿಡ್ನಿ ಬಂದಾಗ ಅದನ್ನೂ ಶತ್ರು ಅಂತ ಗುರುತಿಸಿಬಿಡುತ್ತದೆ. ಹೆಂಗಸರಿಗೆ ಬಸಿರಿನಿಂದಲೂ ಹೀಗಾಗುತ್ತದಂತೆ. ಹೊಟ್ಟೆಯಲ್ಲಿರುವ ಮಗುವಿನಲ್ಲಿ ಅರ್ಧ ಅದರ ಅಪ್ಪನ ಅಂಶ ಇರುತ್ತದೆ, ಅಲ್ವಾ? ಅದಕ್ಕೇ ಗಂಡನ ಕಿಡ್ನಿ ಹೆಂಡತಿಗೆ ಕೆಲವೊಮ್ಮೆ ಒಗ್ಗುವುದೇ ಇಲ್ಲ. ಆ ಜನವರಿಯಲ್ಲಿ ನನಗೆ ರಕ್ತ ಕೊಡದೆ ಬೇರೆ ದಾರಿ ಇರಲಿಲ್ಲ. ಆಮೇಲೆ ಮಾತ್ರ ರಕ್ತ ಹೆಚ್ಚಾಗುವ ಇಂಜೆಕ್ಷನ್ನಿನಲ್ಲೇ ನಡೆಸಿದರು.

ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಎಡಗೈಯಲ್ಲಿ ಒಂದು ಸಣ್ಣ ಆಪರೇಷನ್ ಮಾಡಿ ಫಿಸ್ಟುಲಾ ಮಾಡಿದರು. ಅಪಧಮನಿಯನ್ನು ಪಕ್ಕದ ಅಭಿಧಮನಿಗೆ ಜೋಡಿಸಿ, ಡಯಾಲಿಸಿಸ್ ಸೂಜಿ ಚುಚ್ಚಲು ಆ ರಕ್ತನಾಳ ದಪ್ಪವಾಗುವಂತೆ ಮಾಡುವುದು. ಅದು ಪಕ್ವವಾಗಲು ಎರಡು ತಿಂಗಳು ಬೇಕಾಯಿತು. ರಾತ್ರಿ ಆ ಕೈಯನ್ನು ಕಿವಿಯ ಕೆಳಗಿಟ್ಟು ಮಲಗಿದರೆ ಒಳಗೆ ಝುಂಯ್ ಅಂತ ಸದ್ದು. ಆ ಸದ್ದು ಇದ್ದರೆ ಫಿಸ್ಟುಲಾ ಚೆನ್ನಾಗಿದೆ ಅಂತ ಅರ್ಥ. ಚಿಕ್ಕ ಮಗಳು ದಿನಾ ಬೆಳಿಗ್ಗೆ ಕೈ ಮುಟ್ಟಿ ನೋಡಿ, "ಗಾಡಿ ಓಡ್ತಾ ಇದೆ ಅಮ್ಮಾ" ಅನ್ನುತ್ತಿದ್ದಳು.

ನೀರಿನ ಕಷ್ಟ ಮಾತ್ರ ಬರೆದರೆ ತೀರುವುದಿಲ್ಲ. ಹಿಂದಿನ ದಿನ ಎಷ್ಟು ಮೂತ್ರ ಹೋಗಿದೆಯೋ ಅಷ್ಟು, ಅದರ ಮೇಲೆ ಅರ್ಧ ಲೀಟರ್. ಅಷ್ಟೇ. ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ಗುಟುಕು ಎಲ್ಲವೂ ಅದರಲ್ಲೇ ಬರಬೇಕು. ಅಂಗಡಿಯ ಲೆಕ್ಕ ಬರೆಯುವ ನಮ್ಮ ಯಜಮಾನರು ಒಂದು ಬಾಟಲಿಗೆ ಗೆರೆ ಎಳೆದು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಬರೆದಿಟ್ಟರು. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲು ಗೊತ್ತಲ್ಲ. ಮಧ್ಯಾಹ್ನದ ಗೆರೆ ಹನ್ನೊಂದು ಗಂಟೆಗೇ ದಾಟಿರುತ್ತಿತ್ತು. ಎಳನೀರು, ಬಾಳೆಹಣ್ಣು ಮುಟ್ಟುವ ಹಾಗಿಲ್ಲ. ಅವುಗಳಲ್ಲಿ ಪೊಟ್ಯಾಸಿಯಂ ಜಾಸ್ತಿ. ಅದು ರಕ್ತದಲ್ಲಿ ಏರಿದರೆ ಹೃದಯವೇ ನಿಂತುಹೋಗಬಹುದು. ತರಕಾರಿ ಹೆಚ್ಚಿ, ಬೇಯಿಸಿ, ನೀರು ಬಸಿದು ತಿನ್ನಬೇಕಿತ್ತು.

ಇದೆಲ್ಲ ನಡೆಯುತ್ತಿರುವಾಗಲೇ ಬೆಂಗಳೂರಿನ ಆಸ್ಪತ್ರೆಯಲ್ಲಿ ಕಸಿಯ ಮಾತು ಶುರುವಾಗಿದ್ದು. ಕಸಿ ಬೇಕು ಅಂದ ತಕ್ಷಣ ಮಾಡುವುದಿಲ್ಲ. ಆ ಆಪರೇಷನ್ನನ್ನೂ ಆಮೇಲಿನ ಔಷಧಿಗಳನ್ನೂ ತಡೆಯುವ ಶಕ್ತಿ ನನ್ನ ದೇಹಕ್ಕೆ ಇದೆಯಾ ಅಂತ ಮೊದಲು ನೋಡುತ್ತಾರೆ. ಹೃದಯದ ಎಕೋ, ಎದೆ ಎಕ್ಸ್‌ರೇ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಕ್ಷಯ. ಎಲ್ಲಾದರೂ ಕ್ಯಾನ್ಸರ್ ಇದೆಯಾ, ಸೋಂಕು ಅಡಗಿದೆಯಾ? ನನ್ನ ಹುಳುಕು ಹಲ್ಲೊಂದನ್ನು ಕೀಳಿಸಿಬಿಟ್ಟರು. ಕಸಿಯ ನಂತರ ರೋಗನಿರೋಧಕ ಶಕ್ತಿಯನ್ನು ಔಷಧಿಯಿಂದಲೇ ತಗ್ಗಿಸುತ್ತಾರಲ್ಲ, ಆಗ ಒಂದು ಹಲ್ಲಿನ ಕೀವೂ ದೊಡ್ಡ ಅಪಾಯವಾಗುತ್ತದೆ. ಲಸಿಕೆಗಳನ್ನೂ ಮೊದಲೇ ಮುಗಿಸಬೇಕು.

ಇನ್ನು ಕೊಡುವವರು. ಅಂಗಾಂಗ ಕಸಿಯ ಕಾನೂನು 1994ರದ್ದು, 2011ರಲ್ಲಿ ತಿದ್ದುಪಡಿ ಆಗಿದೆ. ಗಂಡ ಅಥವಾ ಹೆಂಡತಿ, ಅಪ್ಪ ಅಮ್ಮ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು ಹತ್ತಿರದ ಸಂಬಂಧಿಗಳು. ಇವರನ್ನು ಬಿಟ್ಟು ಬೇರೆಯವರು ಪ್ರೀತಿಯಿಂದ ಕೊಡುತ್ತೇನೆ ಅಂದರೆ ಅಧಿಕೃತ ಸಮಿತಿಯ ಒಪ್ಪಿಗೆ ಬೇಕು. ದುಡ್ಡು ಕೊಟ್ಟು ಕೊಳ್ಳುವುದು ಅಪರಾಧ. ನಮ್ಮ ಪರಿಚಯದವರೊಬ್ಬರು "ಎಲ್ಲೋ ಸಿಗುತ್ತಂತೆ" ಅಂತ ಪಿಸುಗುಟ್ಟಿದಾಗ ನಮ್ಮ ಯಜಮಾನರು ಅವರನ್ನು ಬಾಗಿಲ ತನಕ ಬಿಟ್ಟುಬಂದರು.

ಕೊಡೋಕೆ ಮೊದಲು ಮುಂದೆ ಬಂದಿದ್ದು ನಮ್ಮ ಯಜಮಾನರೇ. "ನನ್ನದೇ ತಗೊಳ್ಳಿ ಸಾರ್" ಅಂದರು. ಆದರೆ ನನ್ನದು ಓ ಗುಂಪು, ಅವರದು ಬಿ. ಓ ಗುಂಪಿನವರು ಯಾರಿಗೆ ಬೇಕಾದರೂ ಕೊಡಬಹುದು, ತೆಗೆದುಕೊಳ್ಳುವುದು ಮಾತ್ರ ಓ ಗುಂಪಿನಿಂದಲೇ. ಗುಂಪು ಹೊಂದದಿದ್ದರೂ ರಕ್ತವನ್ನು ಶುದ್ಧ ಮಾಡಿ ಕಸಿ ಮಾಡುವ ವಿಧಾನ ಇದೆ, ಖರ್ಚು ಜಾಸ್ತಿ. ಇಬ್ಬರು ರೋಗಿಗಳ ಮನೆಯವರು ಅದಲು ಬದಲು ಮಾಡಿ ಕೊಡುವ ಸ್ವಾಪ್ ಅನ್ನುವುದೂ ಇದೆ. ಆದರೆ ಓ ಗುಂಪಿನ ರೋಗಿಗೆ ಅದರಲ್ಲಿ ಜೋಡಿ ಸಿಗುವುದು ಕಷ್ಟ. ಓ ಕಿಡ್ನಿ ಮನೆಯಲ್ಲೇ ಇದ್ದವರು ಸಾಮಾನ್ಯವಾಗಿ ಸ್ವಾಪಿಗೆ ಬರುವುದೇ ಇಲ್ಲವಲ್ಲ.

ಜೀವಸಾರ್ಥಕತೆಯ ಪಟ್ಟಿಯಲ್ಲೂ ಹೆಸರು ಬರೆಸಿದೆವು. ಮೆದುಳು ನಿಷ್ಕ್ರಿಯವಾದವರ ಅಂಗಾಂಗಗಳನ್ನು ನಮ್ಮ ರಾಜ್ಯದಲ್ಲಿ ಹಂಚುವ ವ್ಯವಸ್ಥೆ ಅದು. ಆಸ್ಪತ್ರೆಯ ಮೂಲಕವೇ ಹೆಸರು ಸೇರಬೇಕು. ಇನ್ಯಾರದೋ ಮನೆಯಲ್ಲಿ ದೊಡ್ಡ ದುಃಖ ನಡೆದಾಗ, ಆ ಮನೆಯವರು ಆ ಹೊತ್ತಿನಲ್ಲಿ ಹೂಂ ಅಂದರೆ ಮಾತ್ರ ನಮ್ಮ ಸರದಿ ಮುಂದೆ ಹೋಗುತ್ತದೆ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ಹೋದಾಗ ಅವರ ಮನೆಯವರು ಅಂಗಾಂಗ ದಾನ ಮಾಡಿದ ಸುದ್ದಿಯನ್ನು ನಾನು ಟಿವಿಯಲ್ಲಿ ನೋಡಿ ಸುಮ್ನೆ ಮರೆತಿದ್ದೆ. ಪಟ್ಟಿಗೆ ಹೆಸರು ಬರೆಸಿದ ರಾತ್ರಿ ಅದು ನೆನಪಾಗಿ ನಿದ್ದೆ ಬರಲಿಲ್ಲ. ಅಂಥ ಹೊತ್ತಿನಲ್ಲಿ ಒಪ್ಪಿಗೆ ಕೊಟ್ಟ ಮನೆಯವರಿಗೆ ಎಷ್ಟು ಕೈ ಮುಗಿದರೂ ಸಾಲದು.

ಆಮೇಲೆ ತಮ್ಮ ಬಂದ. ಅವನ ವಿಷಯವನ್ನು ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.

ತಮ್ಮನಿಗೆ ಆಗ 33 ವರ್ಷ. ಟಾಟಾ ಏಸ್ ಓಡಿಸುತ್ತಾನೆ. ಮನೆಯಲ್ಲಿ ಒಂದೂವರೆ ವರ್ಷದ ಮಗು. ರಕ್ತದ ಗುಂಪು ಓ. "ಅಕ್ಕಾ, ನಾನಿದ್ದೀನಲ್ಲ" ಅಂದಾಗ ಇಡೀ ಮನೆಗೆ ಉಸಿರು ಬಂತು. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಎರಡು ದಿನ ಪರೀಕ್ಷೆ ನಡೆಯಿತು. ಮೂರನೇ ದಿನ, ಆಸ್ಪತ್ರೆಯಲ್ಲಿ ಕಸಿಯ ವ್ಯವಸ್ಥೆ ನೋಡಿಕೊಳ್ಳುವ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಅವನೊಬ್ಬನನ್ನೇ ಒಳಗೆ ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದರು. ಒಂದು ವಾರದ ಮೇಲೆ ಡಾಕ್ಟರು ನಮಗೆ, "ಅವರು ಕೊಡೋದು ಸೂಕ್ತ ಅಲ್ಲಮ್ಮ. ಬೇರೆಯವರನ್ನು ನೋಡೋಣ" ಅಂದರು. ಯಾಕೆ ಅಂತ ಕೇಳಿದರೆ, "ಅದು ದಾನಿಯ ಗುಟ್ಟು, ನಿಮಗೂ ಹೇಳೋ ಹಾಗಿಲ್ಲ" ಅಂದರು. ಅವನಿಗೇ ಏನೋ ಕಾಯಿಲೆ ಇರಬೇಕು ಅಂತ ನಾನು ಹೆದರಿ, ಅವನಿಗೆ ದಿನಾ ಫೋನ್ ಮಾಡಿ ವಿಚಾರಿಸುತ್ತಿದ್ದೆ.

ಆಗಸ್ಟ್ ತಿಂಗಳಲ್ಲಿ ಒಂದು ದಿನ ಡಯಾಲಿಸಿಸ್ ಹೊತ್ತಿಗೆ ಬಂದು ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತ. ಮಷೀನು ಟಿಕ್ ಟಿಕ್ ಅನ್ನುತ್ತಿತ್ತು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಕ್ಕಾ, ನನಗೇನೂ ಆಗಿಲ್ಲ. ನಾನೇ ಬ್ಯಾಡ ಅಂದೆ. ಮಗು ಮುಖ ನೋಡಿದ್ರೆ ಕೈಕಾಲು ಬಿದ್ದುಹೋಗ್ತಿತ್ತು. ನಿನ್ನ ಮುಂದೆ ಹೇಳೋಕೆ ಬಾಯಿ ಬರಲಿಲ್ಲ. ಆ ಮೇಡಂ, ನಿಮಗೆ ಮನಸ್ಸಿಲ್ಲದಿದ್ರೆ ನಾವೇ ಮನೆಯವರಿಗೆ ಹೇಳ್ತೀವಿ, ನಿಮ್ಮ ಹೆಸರು ಎಲ್ಲೂ ಬರಲ್ಲ ಅಂದ್ರು" ಅಂದ.

ನನಗೆ ಮೊದಲು ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ. ಆ ಸಿಟ್ಟು ಎರಡು ದಿನ ಇತ್ತು. ಮೂರನೇ ದಿನ ನನ್ನ ಮಗಳು ಕೈ ಮುಟ್ಟಿ "ಗಾಡಿ ಓಡ್ತಾ ಇದೆ" ಅಂದಾಗ ತಮ್ಮನ ಮಗು ಕಣ್ಮುಂದೆ ಬಂತು. ಅವನಿಗೆ ಫೋನ್ ಮಾಡಿ, "ನೀನು ಮಾಡಿದ್ದು ಸರಿ ಕಣೋ" ಅಂದೆ. ಮನಸ್ಸಿನಿಂದಲೇ ಅಂದೆ. ಕೊಡುವವರಿಗೆ ಕೊನೆಯ ಗಳಿಗೆಯವರೆಗೂ ಬೇಡ ಅನ್ನುವ ಹಕ್ಕು ಇದೆ. ಆಪರೇಷನ್ ಥಿಯೇಟರಿನ ಬಾಗಿಲಲ್ಲೂ ಇದೆ. ಅವನನ್ನು ಆ ಕೋಣೆಯಲ್ಲಿ ಒಬ್ಬನನ್ನೇ ಕೂರಿಸಿ ಮಾತಾಡಿದ ಆ ಹೆಣ್ಣುಮಗಳು ನಮ್ಮ ಅಕ್ಕ-ತಮ್ಮನ ಸಂಬಂಧವನ್ನೂ ಉಳಿಸಿದರು ಅಂತಲೇ ನಾನು ತಿಳಿದಿದ್ದೇನೆ.

ಅವ್ವನನ್ನು ಯಾರೂ ಕೇಳಿರಲಿಲ್ಲ. ಅಪ್ಪ ಹೋದಮೇಲೆ ಮೂರು ಎಕರೆಯನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು, ಮೆಕ್ಕೆಜೋಳ, ಶೇಂಗಾ. ವಯಸ್ಸು 57. ಆ ವಯಸ್ಸಿನವರ ಕಿಡ್ನಿ ಆಗುವುದಿಲ್ಲ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೆವು. ದೀಪಾವಳಿಗೆ ಬಂದವಳು ನನ್ನ ನೀರಿನ ಬಾಟಲಿಯನ್ನು ಕೈಯಲ್ಲಿ ಹಿಡಿದು ಗೆರೆಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಎಲ್ಲರ ರಕ್ತ ನೋಡಿದ್ರಿ. ನಂದ್ಯಾಕೆ ನೋಡಲಿಲ್ಲ?" ಅಂದಳು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಅವ್ವನದೂ ಓ ಗುಂಪು. ಬಿಪಿ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ. ಡಾಕ್ಟರು ವಯಸ್ಸಿಗಿಂತ ಕಿಡ್ನಿಯ ಕೆಲಸ ನೋಡುತ್ತಾರೆ. ಇಪ್ಪತ್ನಾಲ್ಕು ಗಂಟೆಯ ಮೂತ್ರ ಕೂಡಿಡಲು ಐದು ಲೀಟರ್ ಕ್ಯಾನ್ ಕೊಟ್ಟರು. ಲಾಡ್ಜಿನ ರೂಮಿನಿಂದ ಆಸ್ಪತ್ರೆಗೆ ಅದನ್ನು ಟವೆಲ್ ಸುತ್ತಿ, ಹಾಲಿನ ಕ್ಯಾನ್ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. ಮ್ಯಾಮೋಗ್ರಾಂ, ಗರ್ಭಕೋಶದ ಪರೀಕ್ಷೆ ಎಲ್ಲ ಅವಳ ಜೀವಮಾನದಲ್ಲೇ ಮೊದಲ ಸಲ. ನಾಚಿಕೆಯಿಂದ ಅರ್ಧ ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಡಿಟಿಪಿಎ ಸ್ಕ್ಯಾನ್ ಅಂತ ಒಂದಿದೆ. ಒಂದು ಇಂಜೆಕ್ಷನ್ ಕೊಟ್ಟು ಕ್ಯಾಮೆರಾ ಕೆಳಗೆ ಮಲಗಿಸಿ, ಎರಡು ಕಿಡ್ನಿ ಬೇರೆ ಬೇರೆಯಾಗಿ ಎಷ್ಟೆಷ್ಟು ಕೆಲಸ ಮಾಡುತ್ತವೆ ಅಂತ ಅಳೆಯುತ್ತಾರೆ. ಅವ್ವನ ಬಲಗಡೆಯದು 45, ಎಡಗಡೆಯದು 41. ಡಾಕ್ಟರು ಎಡಗಡೆಯದನ್ನು ತೆಗೆಯುತ್ತೇವೆ ಅಂದರು. "ಚೆನ್ನಾಗಿರೋದು ಯಾವಾಗಲೂ ಕೊಡುವವರ ಹತ್ತಿರವೇ ಉಳಿಯಬೇಕಮ್ಮ." ಈ ಮಾತು ಕೇಳಿದ ಮೇಲೆಯೇ ನನಗೆ ಧೈರ್ಯ ಬಂದಿದ್ದು. ಎಡ ಕಿಡ್ನಿಯ ರಕ್ತನಾಳ ಉದ್ದ ಇರುವುದರಿಂದ ಜೋಡಿಸೋದೂ ಸುಲಭವಂತೆ.

ಆಮೇಲೆ ಅಂಗಾಂಶ ಹೊಂದಾಣಿಕೆ. ಅವ್ವನದು ಅರ್ಧ ಹೊಂದಿಯೇ ಹೊಂದುತ್ತದೆ, ಹೆತ್ತವರಿಂದ ಅರ್ಧರ್ಧ ಬಂದಿರುತ್ತಲ್ಲ. ಕ್ರಾಸ್‌ಮ್ಯಾಚ್ ಅನ್ನುವುದು ಕೊನೆಯ ಬಾಗಿಲು. ನನ್ನ ರಕ್ತದಲ್ಲಿ ಅವ್ವನ ಜೀವಕೋಶಗಳ ವಿರುದ್ಧ ಆಂಟಿಬಾಡಿ ಇದೆಯಾ ಅಂತ ನೋಡುವುದು. ನೆಗೆಟಿವ್ ಬರಬೇಕು. ಬಂತು.

ಮನೋವೈದ್ಯರು ಅವ್ವನನ್ನು, "ನೀವು ಕೊಟ್ಟ ಕಿಡ್ನಿ ನಿಲ್ಲದೇ ಹೋದರೆ ಏನು ಮಾಡ್ತೀರಮ್ಮ?" ಅಂತ ಕೇಳಿದರಂತೆ. ಅವ್ವ, "ಬಿತ್ತಿದ್ದೆಲ್ಲಾ ಬೆಳೀತೈತಾ ಸಾರ್? ನಮ್ಮದು ಜಗಳೂರು ಕಡೆ ಹೊಲ" ಅಂದಳಂತೆ. ಆಸ್ಪತ್ರೆಯ ಸಮಿತಿಯ ಮುಂದೆ ವಿಡಿಯೋ ಇಟ್ಟು, ನನ್ನನ್ನು ಹೊರಗೆ ಕಳಿಸಿ ಅವಳೊಬ್ಬಳನ್ನೇ ಕೇಳಿದರು. ಕೊಡುವವರು ಹೆಂಗಸಾದರೆ ಅವರ ಒಪ್ಪಿಗೆ ಸ್ವಂತದ್ದೇ ಅಂತ ಇನ್ನೂ ಹೆಚ್ಚು ಎಚ್ಚರದಿಂದ ಖಚಿತ ಮಾಡಿಕೊಳ್ಳಬೇಕು ಅಂತ ನಿಯಮವೇ ಇದೆ. ಇರಲೇಬೇಕು. ನಾನು ನೋಡಿದ ವಾರ್ಡುಗಳಲ್ಲಿ ಕೊಟ್ಟವರೆಲ್ಲ ಹೆಚ್ಚಾಗಿ ತಾಯಂದಿರು, ಹೆಂಡತಿಯರು. ತೆಗೆದುಕೊಂಡವರು ಹೆಚ್ಚಾಗಿ ಗಂಡಸರು.

ನಮ್ಮನ್ನು ಸತಾಯಿಸಿದ್ದು ಕಾಗದ ಪತ್ರ. ಅವ್ವನ ಹೆಸರು ಆಧಾರಿನಲ್ಲಿ 'ಅಮ್ಮ' ಅಂತ ಮುಗಿಯುತ್ತದೆ, ರೇಷನ್ ಕಾರ್ಡಿನಲ್ಲಿ 'ಅವ್ವ' ಅಂತ. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ತಾಯಿಯ ಹೆಸರು ಮೂರನೆಯದೇ ಒಂದು ರೀತಿ. ಅದನ್ನು ಸರಿಮಾಡಿಸಿ, ವಂಶವೃಕ್ಷ, ಅಫಿಡವಿಟ್ ಎಲ್ಲ ತರೋದರಲ್ಲಿ ಐದು ವಾರ ಹೋಯಿತು. ಓಡಾಡಿದ್ದೆಲ್ಲ ತಮ್ಮ. ಕಸಿಯ ಯೋಚನೆ ಇದ್ದರೆ ಮನೆಯವರೆಲ್ಲರ ಆಧಾರ್, ರೇಷನ್ ಕಾರ್ಡ್‌ಗಳನ್ನು ಒಂದು ಕಡೆ ಇಟ್ಟು ಹೆಸರು ಒಂದೇ ಥರ ಇದೆಯಾ ಅಂತ ಇವತ್ತೇ ನೋಡಿ.

ದುಡ್ಡಿನ ವಿಷಯ. ಬಿಪಿಎಲ್ ಕಾರ್ಡ್ ಇದ್ದವರಿಗೆ ಕಸಿಗೆ ಸರ್ಕಾರದ ನೆರವು ಇದೆ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಆದರೆ ಯಾವ ಯೋಜನೆಯ ಲೆಕ್ಕಕ್ಕೂ ಬಾರದ ಖರ್ಚುಗಳಿವೆ. ಆಪರೇಷನ್ ಆದಮೇಲೆ ಮೂರು ತಿಂಗಳು ಆಸ್ಪತ್ರೆ ಹತ್ತಿರವೇ ಇರಬೇಕು ಅಂದರು. ಚಿಕ್ಕ ಮನೆಗೆ ತಿಂಗಳಿಗೆ 11,000 ಬಾಡಿಗೆ. ಜೊತೆಗಿರುವವರ ಊಟ, ಯಜಮಾನರ ರಜೆ, ಹೊಲಕ್ಕೆ ಕೂಲಿ. ನಾವು ಚೀಟಿ ಎತ್ತಿ, ನನ್ನ ಎರಡು ಬಳೆ ಅಡವಿಟ್ಟೆವು.

ಆಪರೇಷನ್ ಆಗಿದ್ದು 2023ರ ಮಾರ್ಚ್‌ನಲ್ಲಿ. ಬೆಳಿಗ್ಗೆ ಅವ್ವನನ್ನು ಮೊದಲು ಕರೆದುಕೊಂಡು ಹೋದರು. ಹಳೆಯ ಕಿಡ್ನಿ ತೆಗೆಯುತ್ತಾರೆ ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲ, ನನ್ನವೆರಡೂ ಇದ್ದಲ್ಲೇ ಇವೆ. ಮೂರನೆಯದನ್ನು ಹೊಟ್ಟೆಯ ಬಲಗಡೆ, ಕೆಳಗೆ ಇಡುತ್ತಾರೆ. ರಕ್ತನಾಳ ಜೋಡಿಸಿದ ಕೂಡಲೇ ಟೇಬಲ್ ಮೇಲೇ ಮೂತ್ರ ಬಂತಂತೆ. ಎಚ್ಚರವಾದಾಗ ನರ್ಸ್ ಮಂಚದ ಪಕ್ಕದ ಚೀಲವನ್ನು ಎತ್ತಿ ತೋರಿಸಿ, "ನೋಡಿ ಅಮ್ಮ, ನಿಮ್ಮದು" ಅಂದರು. ಮರುದಿನ ಅವರೇ ಒಂದು ಲೋಟ ನೀರು ಕೊಟ್ಟು, "ಪೂರ್ತಿ ಕುಡೀರಿ" ಅಂದರು. ನಾನು ಅಭ್ಯಾಸಬಲದಿಂದ ಅರ್ಧ ಕುಡಿದು ಕೆಳಗಿಟ್ಟೆ. "ಪೂರ್ತಿ" ಅಂತ ಮತ್ತೆ ಹೇಳಿದರು.

ಅವ್ವ ನಾಲ್ಕನೇ ದಿನ ಡಿಸ್ಚಾರ್ಜ್ ಆದಳು. ನಾನು ಹತ್ತನೇ ದಿನ. ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್ ಅಂತ ಮೂರು ಮುಖ್ಯ ಮಾತ್ರೆ. ಬೆಳಿಗ್ಗೆ 8, ರಾತ್ರಿ 8. ಹೊಸ ಕಿಡ್ನಿ ಕೆಲಸ ಮಾಡುತ್ತಿರುವಷ್ಟು ಕಾಲವೂ ಇವು ಬೇಕು. ಚೆನ್ನಾಗಿದ್ದೇನೆ ಅಂತ ಬಿಟ್ಟರೆ ದೇಹ ಕಿಡ್ನಿಯನ್ನು ತಿರಸ್ಕರಿಸುತ್ತದೆ. ಐದನೇ ವಾರ ನನಗೂ 1.1 ಇದ್ದ ಕ್ರಿಯಾಟಿನಿನ್ 1.9ಕ್ಕೆ ಏರಿತು. ನೋವಿಲ್ಲ, ಜ್ವರವಿಲ್ಲ, ಏನೂ ಗೊತ್ತೇ ಆಗಿರಲಿಲ್ಲ. ಬಯಾಪ್ಸಿ ಮಾಡಿ, ಮೂರು ದಿನ ದೊಡ್ಡ ಪ್ರಮಾಣದ ಸ್ಟೆರಾಯ್ಡ್ ಕೊಟ್ಟರು, ಇಳಿಯಿತು. ವಾರಕ್ಕೆರಡು ಸಲ ರಕ್ತ ಕೊಡೋಕೆ ಬೇಸರಪಟ್ಟಿದ್ದರೆ ಅದು ಕೈ ತಪ್ಪುತ್ತಿತ್ತು. ಮೊದಮೊದಲು ಕೈ ನಡುಗಿ ಬೋರ್ಡಿನ ಮೇಲೆ ಅಕ್ಷರ ಸೊಟ್ಟಗಾಗುತ್ತಿತ್ತು. ಅದು ಟ್ಯಾಕ್ರೋಲಿಮಸ್‌ನಿಂದ. ಡೋಸ್ ಕಡಿಮೆಯಾದ ಮೇಲೆ ನಿಂತಿತು.

ಈ ಕಿಡ್ನಿ ಎಷ್ಟು ವರ್ಷ ಬರುತ್ತೆ ಅಂತ ಕೇಳಿದೆ. ಹತ್ತು ಹದಿನೈದು ವರ್ಷ ಅಂತಿಟ್ಟುಕೊಳ್ಳಿ, ಕೆಲವರಿಗೆ ಇಪ್ಪತ್ತು ದಾಟಿದೆ ಅಂದರು. ಆಗ ದೊಡ್ಡ ಮಗನ ಓದು ಮುಗಿದಿರುತ್ತದೆ.

ಅವ್ವ ಮೂರು ತಿಂಗಳಿಗೆ ಹೊಲಕ್ಕೆ ಹೋದಳು. ನೋವಿನ ಮಾತ್ರೆ ಮುಟ್ಟಬಾರದು, ವರ್ಷಕ್ಕೊಮ್ಮೆ ಬಿಪಿ, ಮೂತ್ರ, ಕ್ರಿಯಾಟಿನಿನ್ ನೋಡಿಸಬೇಕು, ಅಷ್ಟೇ. ಅದಕ್ಕೆ ಪ್ರತಿ ಮಾರ್ಚ್‌ಗೆ ದಾವಣಗೆರೆಗೆ ಬರುತ್ತಾಳೆ. ತಮ್ಮ ತನ್ನ ಗಾಡಿಯಲ್ಲಿ ಕರೆತರುತ್ತಾನೆ. ಇಬ್ಬರೂ ಬೆಳಿಗ್ಗೆ ಏಳೂವರೆಗೆ ಲ್ಯಾಬಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತೇವೆ. ಮಾತ್ರೆಯ ಮಟ್ಟ ನೋಡುವ ರಕ್ತವನ್ನು ಬೆಳಗಿನ ಮಾತ್ರೆ ನುಂಗುವ ಮುಂಚೆಯೇ ಕೊಡಬೇಕು. ಈ ಸಲ ಲ್ಯಾಬಿನ ಹುಡುಗ ಸೂಜಿ ಬಿಚ್ಚಿಕೊಂಡು, "ಅಜ್ಜಿ, ನೀವು ಬನ್ನಿ ಮೊದಲು" ಅಂದ. ಅವ್ವ ಏಳಲಿಲ್ಲ. ಗೋಡೆಯ ಗಡಿಯಾರ ನೋಡಿ ನನ್ನ ಕಡೆ ಕೈ ತೋರಿಸಿದಳು.

"ಅವಳದ್ದು ತಗಳಪ್ಪಾ. ಎಂಟು ಗಂಟೆಗೆ ಮಾತ್ರೆ ಐತೆ."